ಕನ್ನಡ ಕೀಲಿಮಣೆ ಇದ್ದಾಗ ವಿಎಸ್ ಕೋಡ್‌ನಲ್ಲಿ ಕೆಲವು ಶಾರ್ಟ್‌ಕಟ್ ಮಾತ್ರ ಓಡುವುದಿಲ್ಲ (ಉಬುಂಟು)

ಕುಂಜಿಬೆಟ್ಟು_ಪೈಥಾನ್:

ಉಬುಂಟು ಲಿನಕ್ಸ್, ಗ್ನೋಮ್ ಡೆಸ್ಕ್‌ಟಾಪ್, ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್. ಉಡುಪಿ–ಮಂಗಳೂರು ದಾರಿಯ ಬಸ್ ನಿಲ್ದಾಣಗಳ ಪೈಥಾನ್ ಫೈಲ್ ಉಂಟು. ಕಟಪಾಡಿ, ಕಾಪು, ಪಡುಬಿದ್ರಿ, ಮೂಲ್ಕಿ ಎಲ್ಲ ಹೆಸರುಗಳೂ ಕನ್ನಡದಲ್ಲೇ ಇರಬೇಕು, ಹಾಗಾಗಿ ಸೂಪರ್ + ಸ್ಪೇಸ್ ಒತ್ತಿ ಆಗಾಗ ಕನ್ನಡಕ್ಕೆ ಹೋಗಬೇಕಾಗುತ್ತದೆ. ಕೀಲಿಮಣೆ ಇನ್‌ಸ್ಕ್ರಿಪ್ಟ್ ವಿನ್ಯಾಸದ್ದು, ಉಬುಂಟು ಸೆಟ್ಟಿಂಗ್ಸ್‌ನ ಪಟ್ಟಿಯಲ್ಲಿ ಬರೇ "ಕನ್ನಡ" ಎಂದಿರುವುದು.

ಕನ್ನಡದಲ್ಲಿರುವಾಗ ಕಂಟ್ರೋಲ್ + ಎಸ್, ಕಂಟ್ರೋಲ್ + ಸಿ ಸರಿಯಾಗಿ ಓಡುತ್ತವೆ. ಕಂಟ್ರೋಲ್ + / ಒತ್ತಿದರೆ ಸಾಲು ಕಾಮೆಂಟ್ ಆಗುವುದಿಲ್ಲ, ಕಂಟ್ರೋಲ್ + ` ಒತ್ತಿದರೆ ಟರ್ಮಿನಲ್ ತೆರೆಯುವುದಿಲ್ಲ. ಇಂಗ್ಲಿಷ್‌ಗೆ ಬಂದ ಕೂಡಲೇ ಎರಡೂ ಸರಿ. ಇನ್ನೊಂದು: ಕಂಟ್ರೋಲ್ + . ಒತ್ತಿದರೆ ಕ್ವಿಕ್ ಫಿಕ್ಸ್ (ತಪ್ಪು ತಿದ್ದುವ ಸಲಹೆಗಳ ಪಟ್ಟಿ) ಬರುವ ಬದಲು ಅಡಿಗೆರೆ ಇರುವ ಇಂಗ್ಲಿಷ್ ಇ ಅಕ್ಷರ ಬೀಳುತ್ತದೆ. ಇದು ಇಂಗ್ಲಿಷ್‌ನಲ್ಲಿ ಇದ್ದಾಗಲೂ ಹೀಗೆಯೇ. ಪ್ರತಿ ಸಲ ಭಾಷೆ ಬದಲಿಸದೆ ಎಂತ ಮಾಡಬಹುದು?

ಕದ್ರಿ_ಲಿನಕ್ಸ್:

ಇದು ಎರಡು ಬೇರೆ ಬೇರೆ ಸಮಸ್ಯೆ ಮಾರಾಯ್ರೆ. ಒಂದೊಂದಾಗಿ ನೋಡುವ.

ಮೊದಲು ಸ್ಲ್ಯಾಷಿನದ್ದು. ಲಿನಕ್ಸ್‌ನಲ್ಲಿ ವಿಎಸ್ ಕೋಡ್ ಈಗಿನ ಕೀಲಿಮಣೆ ವಿನ್ಯಾಸವನ್ನು ಓದಿ, ಯಾವ ಕೀ ಯಾವ ಅಕ್ಷರ ಕೊಡುತ್ತದೆ ಎಂದು ಒಂದು ಪಟ್ಟಿ ಮಾಡಿಕೊಳ್ಳುತ್ತದೆ. "ಕಂಟ್ರೋಲ್ + /" ಎಂದರೆ ಅದರ ಲೆಕ್ಕದಲ್ಲಿ "ಸ್ಲ್ಯಾಷ್ ಚಿಹ್ನೆ ಕೊಡುವ ಕೀ". ಇನ್‌ಸ್ಕ್ರಿಪ್ಟ್‌ನಲ್ಲಿ ಆ ಜಾಗದಲ್ಲಿ ಕೂತಿರುವುದು ಯ. ಸ್ಲ್ಯಾಷ್ ಕೊಡುವ ಕೀಯೇ ಸಿಗದಿದ್ದರೆ ಶಾರ್ಟ್‌ಕಟ್ ಅಂಟುವುದು ಯಾವುದಕ್ಕೆ? ಬ್ಯಾಕ್‌ಕೋಟ್ (`) ಕೀಯಲ್ಲಿ ೊ ಇದೆ, ಎಡ ಚೌಕ ಆವರಣದಲ್ಲಿ ಡ. ಹಾಗಾಗಿ ಕಂಟ್ರೋಲ್ + [ ಒತ್ತಿ ಸಾಲನ್ನು ಎಡಕ್ಕೆ ಸರಿಸುವುದೂ ನಿಮಗೆ ಆಗುತ್ತಿರಲಿಕ್ಕಿಲ್ಲ, ನೋಡಿ. ಅಕ್ಷರಗಳ ಕತೆ ಬೇರೆ: ವಿನ್ಯಾಸದಲ್ಲಿ ಎ ಇಂದ ಝಡ್ ವರೆಗಿನ ಲ್ಯಾಟಿನ್ ಅಕ್ಷರಗಳೇ ಇಲ್ಲದಿದ್ದರೆ ಎಡಿಟರ್ ಅಮೆರಿಕನ್ ಕೀಲಿಮಣೆಯ ಜಾಗಗಳನ್ನು ಹಿಡಿದುಕೊಳ್ಳುತ್ತದೆ. ಕಂಟ್ರೋಲ್ + ಎಸ್ ಓಡುವುದು ಅದಕ್ಕೇ. ಚಿಹ್ನೆಗಳಿಗೆ ಈ ಆಸರೆ ಇಲ್ಲ.

ಊಹೆ ಬೇಡ, ಖಚಿತ ಮಾಡಿಕೊಳ್ಳಿ. ಇಂಗ್ಲಿಷ್‌ನಲ್ಲಿರುವಾಗಲೇ ಕಂಟ್ರೋಲ್ + ಶಿಫ್ಟ್ + ಪಿ ಒತ್ತಿ "ಡೆವಲಪರ್: ಟಾಗಲ್ ಕೀಬೋರ್ಡ್ ಶಾರ್ಟ್‌ಕಟ್ಸ್ ಟ್ರಬಲ್‌ಶೂಟಿಂಗ್" ಆಯ್ದುಕೊಳ್ಳಿ. ಮೊದಲೇ ಕನ್ನಡಕ್ಕೆ ಹೋದರೆ ಆಜ್ಞೆಯ ಹೆಸರು ಹುಡುಕುವಾಗ ಕನ್ನಡವೇ ಬೀಳುತ್ತದೆ. ಕೆಳಗೆ ಔಟ್‌ಪುಟ್ ಕಿಟಕಿ ತೆರೆಯುತ್ತದೆ. ಈಗ ಕನ್ನಡಕ್ಕೆ ಬಂದು, ಫೈಲಿನೊಳಗೆ ಕರ್ಸರ್ ಇಟ್ಟು, ಕಂಟ್ರೋಲ್ + / ಒಂದೇ ಸಲ ಒತ್ತಿ. ಕೋಡ್ ಎಂಬಲ್ಲಿ ಎಂತ ಬಂತು, ಕೀ ಎಂಬಲ್ಲಿ ಎಂತ ಬಂತು, ಕೊನೆಯ ಸಾಲಿನಲ್ಲಿ ಎಂತ ಉಂಟು, ಈ ಮೂರು ಹೇಳಿ. ಸಾಲೇ ಮೂಡದಿದ್ದರೆ ಒತ್ತಿದ್ದು ಎಡಿಟರ್‌ವರೆಗೆ ಬಂದೇ ಇಲ್ಲ, ನಡುವೆ ಬೇರೆ ಯಾರೋ ತಿಂದಿದ್ದಾರೆ ಎಂದರ್ಥ. ಕಂಟ್ರೋಲ್ + . ಕೂಡ ಹಾಗೇ ಒತ್ತಿ ನೋಡಿ.

ಕುಂಜಿಬೆಟ್ಟು_ಪೈಥಾನ್:

ನೋಡಿದೆ. ಸ್ಲ್ಯಾಷ್ ಒತ್ತಿದಾಗ ಕೋಡ್ ಎಂಬಲ್ಲಿ ಸ್ಲ್ಯಾಷ್, ಕೀ ಎಂಬಲ್ಲಿ ಯ, ಕೊನೆಯಲ್ಲಿ "ನೋ ಕೀಬೈಂಡಿಂಗ್ ಎಂಟ್ರೀಸ್". ಕಂಟ್ರೋಲ್ + . ಒತ್ತಿದಾಗ ಚುಕ್ಕೆ ಕೀಯ ಸಾಲೇ ಬರಲಿಲ್ಲ, ಇ ಮಾತ್ರ ಬಂತು.

ಕದ್ರಿ_ಲಿನಕ್ಸ್:

ಹಾಗಾದರೆ ಸ್ಪಷ್ಟ ಆಯ್ತು.

ಚುಕ್ಕೆಯನ್ನು ತಿನ್ನುತ್ತಿರುವುದು ಐಬಸ್, ಎಂದರೆ ಉಬುಂಟುವಿನಲ್ಲಿ ಭಾಷೆಗಳ ಟೈಪಿಂಗ್ ನೋಡಿಕೊಳ್ಳುವ ತಂತ್ರಾಂಶ. ಅದರ ಕೆಲವು ಆವೃತ್ತಿಗಳಲ್ಲಿ ಕಂಟ್ರೋಲ್ + . ಇಮೋಜಿ ಹುಡುಕುವ ಶಾರ್ಟ್‌ಕಟ್, ಅಡಿಗೆರೆಯ ಇ ಅದರ ಗುರುತು. ಟರ್ಮಿನಲ್‌ನಲ್ಲಿ ಐಬಸ್-ಸೆಟಪ್ ಎಂದು ಓಡಿಸಿ, ಇಮೋಜಿ ಎಂಬ ಟ್ಯಾಬ್‌ಗೆ ಹೋಗಿ, "ಇಮೋಜಿ ಆನೋಟೇಷನ್" ಎದುರಿನ ಮೂರು ಚುಕ್ಕೆಯ ಬಟನ್ ಒತ್ತಿ, ಅಲ್ಲಿರುವ ಕಂಟ್ರೋಲ್ + . ಅನ್ನು ಅಳಿಸಿ. ಎಡಿಟರ್ ಮುಟ್ಟುವುದು ಬೇಡ.

ಸ್ಲ್ಯಾಷಿಗೆ ಶಾರ್ಟ್‌ಕಟ್ಟನ್ನು ಚಿಹ್ನೆಗೆ ಕಟ್ಟದೆ ಕೀಯ ಜಾಗಕ್ಕೆ ಕಟ್ಟಬೇಕು. ವಿಎಸ್ ಕೋಡ್‌ನಲ್ಲಿ ಕೀಯ ಹೆಸರನ್ನು ಚೌಕ ಆವರಣದೊಳಗೆ ಬರೆದರೆ ಅದು ಜಾಗದ ಹೆಸರು. ಆಗ ಅಲ್ಲಿ ಯ ಇರಲಿ, ಸ್ಲ್ಯಾಷ್ ಇರಲಿ, ಲೆಕ್ಕಕ್ಕಿಲ್ಲ.

ಕಂಟ್ರೋಲ್ + ಕೆ, ಮತ್ತೆ ಕಂಟ್ರೋಲ್ + ಎಸ್ ಒತ್ತಿ. ಶಾರ್ಟ್‌ಕಟ್‌ಗಳ ಪಟ್ಟಿ ಬರುತ್ತದೆ. "ಟಾಗಲ್ ಲೈನ್ ಕಾಮೆಂಟ್" ಹುಡುಕಿ, ಬಲ ಕ್ಲಿಕ್ ಮಾಡಿ, "ಆ್ಯಡ್ ಕೀಬೈಂಡಿಂಗ್" ಆಯ್ದು, ಸದ್ಯಕ್ಕೆ ಬೇರೆಲ್ಲೂ ಬಳಸದ ಯಾವುದಾದರೂ ಜೋಡಿ, ಉದಾಹರಣೆಗೆ ಕಂಟ್ರೋಲ್ + ಶಿಫ್ಟ್ + ಎಫ್9, ಒತ್ತಿ ಎಂಟರ್ ಕೊಡಿ. ಹೀಗೆ ಮಾಡಿದರೆ ಆಜ್ಞೆಯ ಉದ್ದ ಹೆಸರನ್ನು ಕೈಯಲ್ಲಿ ಬರೆಯುವ ತಾಪತ್ರಯ ಇಲ್ಲ, ಕಾಗುಣಿತ ತಪ್ಪುವುದೂ ಇಲ್ಲ. ಆಮೇಲೆ ಬಲ ಮೇಲ್ತುದಿಯ ಫೈಲ್ ಚಿತ್ರ ಒತ್ತಿ ಕೀಬೈಂಡಿಂಗ್ಸ್ ಜೇಸನ್ ಫೈಲ್ ತೆರೆಯಿರಿ. ಆ ನಿಯಮ ಕೊನೆಯಲ್ಲಿ ಸೇರಿರುತ್ತದೆ. "ಕೀ" ಎದುರು ಕಂಟ್ರೋಲ್ ಮತ್ತು ಪ್ಲಸ್ ಉಳಿಸಿ, ಉಳಿದದ್ದನ್ನು ತೆಗೆದು, ಚೌಕ ಆವರಣದಲ್ಲಿ ಸ್ಲ್ಯಾಷ್ ಎಂಬ ಪದ ಇಂಗ್ಲಿಷ್‌ನಲ್ಲಿ ಬರೆಯಿರಿ. ಚಿಹ್ನೆ ಅಲ್ಲ, ಪದ. ಟರ್ಮಿನಲ್ಲಿಗೆ ಬ್ಯಾಕ್‌ಕೋಟ್, ಎಡ ಆವರಣಕ್ಕೆ ಬ್ರಾಕೆಟ್‌ಲೆಫ್ಟ್, ಬಲಕ್ಕೆ ಬ್ರಾಕೆಟ್‌ರೈಟ್, ಎಲ್ಲವನ್ನೂ ಎಡೆ ಬಿಡದೆ ಒಂದೇ ಪದವಾಗಿ. ಉಳಿದ ಕೀಗಳ ಹೆಸರು ಬೇಕಾದರೆ "ಡೆವಲಪರ್: ಇನ್‌ಸ್ಪೆಕ್ಟ್ ಕೀ ಮ್ಯಾಪಿಂಗ್ಸ್" ಪೂರಾ ಪಟ್ಟಿ ಕೊಡುತ್ತದೆ.

ಈ ಫೈಲ್ ತಿದ್ದುವಾಗ ಮಾತ್ರ ಇಂಗ್ಲಿಷ್‌ನಲ್ಲೇ ಇರಿ. ಇನ್‌ಸ್ಕ್ರಿಪ್ಟ್‌ನಲ್ಲಿ ಉದ್ಧರಣ ಚಿಹ್ನೆಯ ಕೀ ಒತ್ತಿದರೆ ಟ ಬೀಳುತ್ತದೆ, ಫೈಲ್ ಇಡೀ ಕೆಂಪು ಗೆರೆ.

ಒಂದೇ ಏಟಿಗೆ ಎಲ್ಲ ಚಿಹ್ನೆಗಳಿಗೂ ಪರಿಹಾರ ಬೇಕಿದ್ದರೆ ಸೆಟ್ಟಿಂಗ್ಸ್‌ನಲ್ಲಿ "ಕೀಬೋರ್ಡ್ ಡಿಸ್ಪ್ಯಾಚ್" ಹುಡುಕಿ, "ಕೋಡ್" ಎಂದಿರುವುದನ್ನು "ಕೀಕೋಡ್" ಮಾಡಿ, ಎಡಿಟರ್ ಪೂರ್ತಿ ಮುಚ್ಚಿ ತೆರೆಯಿರಿ. ಮುಚ್ಚದಿದ್ದರೆ ಬದಲಾಗುವುದಿಲ್ಲ. ಇದು ಲಿನಕ್ಸ್ ಮತ್ತು ಮ್ಯಾಕ್‌ಗೆ ಮಾತ್ರ ಇರುವ ಸೆಟ್ಟಿಂಗ್, ಶಿಫಾರಸು "ಕೋಡ್" ಎಂಬುದಕ್ಕೇ. ನಾಲ್ಕೈದೇ ಶಾರ್ಟ್‌ಕಟ್ ಆದರೆ ನನ್ನ ಪ್ರಕಾರ ಜಾಗದ ಹೆಸರೇ ಒಳ್ಳೆಯದು. ಯಾವುದು ಯಾಕೆ ಓಡುತ್ತದೆ ಎಂದು ಫೈಲ್ ನೋಡಿದರೇ ಗೊತ್ತಾಗುತ್ತದೆ.

ಸುರತ್ಕಲ್_ಶೆಲ್:

ಮೂರನೇ ದಾರಿಯೂ ಉಂಟು. ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿ, ಒಮ್ಮೆ ಲಾಗ್‌ಔಟ್ ಆಗಿ ಬಂದು, ಇನ್‌ಪುಟ್ ಸೋರ್ಸಸ್‌ನಲ್ಲಿ ಕನ್ನಡದ ಕೆಜಿಪಿ ಕೀಲಿಮಣೆ ವಿನ್ಯಾಸ ಸೇರಿಸಿ, ಹಳೆಯ ಇನ್‌ಸ್ಕ್ರಿಪ್ಟ್ ತೆಗೆಯಿರಿ. ಇದರಲ್ಲಿ ಕೆಳಗಿನ ಕೀಲಿಮಣೆ ಅಮೆರಿಕನ್ ಆಗಿಯೇ ಉಳಿಯುತ್ತದೆ, ಕನ್ನಡ ಅದರ ಮೇಲೆ ಐಬಸ್‌ನಲ್ಲಿ ಮೂಡುತ್ತದೆ. ಎಡಿಟರಿಗೆ ಸ್ಲ್ಯಾಷ್ ಸ್ಲ್ಯಾಷಾಗಿಯೇ ಕಾಣುತ್ತದೆ. ಕೆಜಿಪಿಯ ಮೂಲ ನಮ್ಮ ಕಿನ್ನಿಕಂಬಳದ ಕೆ.ಪಿ. ರಾಯರ ವಿನ್ಯಾಸ. ಕೆ ಒತ್ತಿದರೆ ಕ, ಎಂ ಒತ್ತಿದರೆ ಮ, ನುಡಿ ತಂತ್ರಾಂಶ ಬಳಸಿದವರಿಗೆ ಹೊಸದಾಗಿ ಕಲಿಯಲಿಕ್ಕೆ ಏನಿಲ್ಲ. ಇನ್‌ಸ್ಕ್ರಿಪ್ಟ್ ಬೆರಳಿಗೆ ಕೂತವರು ಮಾತ್ರ ಇದಕ್ಕೆ ಕೈ ಹಾಕುವುದು ಬೇಡ.

ಇದೇ ಕೀಬೈಂಡಿಂಗ್ಸ್ ಫೈಲಿನ ಬಗ್ಗೆ ನನ್ನದೂ ಒಂದು ಪ್ರಶ್ನೆ. ಪೈಥಾನ್ ಫೈಲಿನಲ್ಲಿ ಕಂಟ್ರೋಲ್ + ಡಿ ಸಾಲಿನ ಪ್ರತಿ ಮಾಡಬೇಕು, ಬೇರೆ ಫೈಲುಗಳಲ್ಲಿ ಸಾಲು ಅಳಿಸಬೇಕು. ಎರಡು ನಿಯಮ ಬರೆದಿದ್ದೇನೆ, ಪೈಥಾನಿನದ್ದು ಮೇಲೆ, ಷರತ್ತು ಸಮೇತ. ಆದರೆ ಪೈಥಾನಿನಲ್ಲೂ ಸಾಲು ಅಳಿಸಿ ಹೋಗುತ್ತದೆ. ಮತ್ತೆ ಒಳಗಿನ ಟರ್ಮಿನಲ್‌ನಲ್ಲಿ ಕಂಟ್ರೋಲ್ + ಕೆ ಒತ್ತಿದರೆ ಸಾಲಿನ ಉಳಿದ ಭಾಗ ಹೋಗುವುದಿಲ್ಲ, ಎಡಿಟರ್ ಎರಡನೇ ಕೀಗೆ ಕಾಯುತ್ತದೆ.

ಕದ್ರಿ_ಲಿನಕ್ಸ್:

ನಿಯಮಗಳನ್ನು ಎಡಿಟರ್ ಕೆಳಗಿನಿಂದ ಮೇಲಕ್ಕೆ ಓದುತ್ತದೆ. ಕೀ ಮತ್ತು ಷರತ್ತು ಎರಡೂ ಹೊಂದುವ ಮೊದಲನೆಯದು ಸಿಕ್ಕಿದ ಕೂಡಲೇ ಅಲ್ಲಿಗೇ ನಿಲ್ಲುತ್ತದೆ. ನಿಮ್ಮ ಕೆಳಗಿನ ನಿಯಮಕ್ಕೆ ಷರತ್ತೇ ಇಲ್ಲ, ಅದು ಎಲ್ಲದಕ್ಕೂ ಹೊಂದುತ್ತದೆ, ಮೇಲಿನದಕ್ಕೆ ಸರದಿಯೇ ಬರುವುದಿಲ್ಲ. ಪೈಥಾನಿನ ನಿಯಮವನ್ನು ಕೊನೆಗೆ ಸಾಗಿಸಿ, ಸಾಕು. ಅಳಿಸುವ ನಿಯಮಕ್ಕೂ "ಎಡಿಟರ್‌ಟೆಕ್ಸ್ಟ್‌ಫೋಕಸ್" ಷರತ್ತು ಹಾಕಿ, ಹುಡುಕುವ ಪೆಟ್ಟಿಗೆಯಲ್ಲಿ ಕರ್ಸರ್ ಇದ್ದಾಗ ಫೈಲಿನ ಸಾಲು ಹೋಗಬಾರದು. ನಿಮ್ಮ ನಿಯಮಗಳು ಮೂಲ ನಿಯಮಗಳ ಕೆಳಗೆ ಸೇರುವುದರಿಂದ ಕಂಟ್ರೋಲ್ + ಡಿಯ ಮೂಲ ಕೆಲಸವನ್ನು ಪ್ರತ್ಯೇಕ ತೆಗೆಯಬೇಕಾಗಿಲ್ಲ. ಕೀ ಏನೂ ಮಾಡಬಾರದು ಎಂದಾಗ ಮಾತ್ರ ಆಜ್ಞೆಯ ಹೆಸರಿನ ಆರಂಭದಲ್ಲಿ ಮೈನಸ್ ಚಿಹ್ನೆ ಇಟ್ಟು ಒಂದು ನಿಯಮ ಬರೆಯಿರಿ.

ಟರ್ಮಿನಲ್ಲಿಗೆ ಸೆಟ್ಟಿಂಗ್ಸ್‌ನಲ್ಲಿ "ಅಲೋ ಕಾರ್ಡ್ಸ್" (ಎರಡು ಹಂತದ ಶಾರ್ಟ್‌ಕಟ್‌ಗಳಿಗೆ ಅನುಮತಿ) ಎಂಬುದರ ಗುರುತು ತೆಗೆಯಿರಿ. ಆಗ ಕಂಟ್ರೋಲ್ + ಕೆ ನೇರ ಶೆಲ್ಲಿಗೆ ಹೋಗುತ್ತದೆ. ಆದರೆ ಟರ್ಮಿನಲ್ ಒಳಗಿದ್ದಾಗ ಕಂಟ್ರೋಲ್ + ಕೆ, ಕಂಟ್ರೋಲ್ + ಎಸ್ ನಂಥ ಎರಡು ಹಂತದವು ಯಾವುದೂ ಓಡುವುದಿಲ್ಲ, ಮೊದಲು ಫೈಲಿನಲ್ಲಿ ಕ್ಲಿಕ್ ಮಾಡಬೇಕಾಗುತ್ತದೆ.

ಕುಂಜಿಬೆಟ್ಟು_ಪೈಥಾನ್:

ಇಮೋಜಿಯದ್ದು ಅಳಿಸಿದೆ, ಕ್ವಿಕ್ ಫಿಕ್ಸ್ ಬಂತು. ಸ್ಲ್ಯಾಷ್, ಬ್ಯಾಕ್‌ಕೋಟ್, ಎರಡು ಆವರಣ, ಒಟ್ಟು ನಾಲ್ಕು ನಿಯಮ ಹಾಕಿದೆ, ಕನ್ನಡದಲ್ಲೂ ಇಂಗ್ಲಿಷ್‌ನಲ್ಲೂ ಓಡುತ್ತಿವೆ. ಮನೆಯ ವಿಂಡೋಸ್ ಲ್ಯಾಪ್‌ಟಾಪ್‌ಗೆ ಇವು ಸಿಂಕ್ ಆಗಿ ಹೋಗುತ್ತವಾ?

ಕದ್ರಿ_ಲಿನಕ್ಸ್:

ಹೋಗುವುದಿಲ್ಲ. ಸೆಟ್ಟಿಂಗ್ಸ್ ಸಿಂಕ್ ಶಾರ್ಟ್‌ಕಟ್‌ಗಳನ್ನು ಮೂಲತಃ ಆಪರೇಟಿಂಗ್ ಸಿಸ್ಟಮ್ ಪ್ರಕಾರ ಬೇರೆ ಬೇರೆ ಇಡುತ್ತದೆ. "ಕೀಬೈಂಡಿಂಗ್ಸ್ ಪರ್ ಪ್ಲಾಟ್‌ಫಾರ್ಮ್" ಗುರುತು ತೆಗೆದರೆ ಎಲ್ಲ ಕಡೆ ಒಂದೇ ಆಗುತ್ತದೆ. ಅದಕ್ಕೆ ಮೊದಲು ಲಿನಕ್ಸಿನ ಹೋಮ್ ಫೋಲ್ಡರಿನಲ್ಲಿ ಚುಕ್ಕೆಯಿಂದ ಶುರುವಾಗುವ ಕಾನ್ಫಿಗ್, ಅದರೊಳಗೆ ಕೋಡ್, ಅದರೊಳಗೆ ಯೂಸರ್, ಅಲ್ಲಿರುವ ಕೀಬೈಂಡಿಂಗ್ಸ್ ಜೇಸನ್ ಫೈಲಿನ ಒಂದು ಪ್ರತಿ ತೆಗೆದಿಡಿ.