ಮೊದಲ ಸಲ ಪಿಆರ್‌ಒ ಡ್ಯೂಟಿ, ಮಾಡಿದವರು ಸ್ವಲ್ಪ ಹೇಳಿ

ಅಂಕೋಲಾ, ಹೈಸ್ಕೂಲ್ ಶಿಕ್ಷಕಿ: ಚುನಾವಣೆ ಡ್ಯೂಟಿಗೆ ಮೊದಲ ಸಲ ಪಿಆರ್‌ಒ (ಮತಗಟ್ಟೆಯ ಮುಖ್ಯ ಅಧಿಕಾರಿ) ಅಂತ ಆರ್ಡರ್ ಬಂದಿದೆ. ಹಳಿಯಾಳ ಕ್ಷೇತ್ರ, ಜೋಯಿಡಾ ಕಡೆಯ ಬೂತ್ ಸಿಗಬಹುದು ಅಂತಾರೆ. ತರಬೇತಿಯಲ್ಲಿ ಮಿಷನ್ ಜೋಡಿಸಿ ನೋಡಿದ್ದೇನೆ. ಆದರೂ ನಡುವೆ ವಿವಿಪ್ಯಾಟ್ (ಹಾಕಿದ ಮತದ ಚೀಟಿ ತೋರಿಸುವ ಯಂತ್ರ) ಕೈಕೊಟ್ಟರೆ ಏನು ಗತಿ ಅನ್ನೋದೇ ಚಿಂತೆ.

ಶಿರಸಿ, ಡ್ಯೂಟಿ ಮಾಡಿ ಹಳಬನಾದ ಶಿಕ್ಷಕ: ಮೇಡಂ, ಮಿಷನ್ ಕೆಟ್ಟರೆ ಸೆಕ್ಟರ್ ಆಫೀಸರ್ ಬೇರೆಯದು ತಂದುಕೊಡುತ್ತಾರೆ. ಲೆಕ್ಕ ತಾಳೆ ಆಗದಿದ್ದರೆ ಯಾರೂ ತಂದುಕೊಡೋದಿಲ್ಲ. ನಿದ್ದೆ ಕೆಡಿಸೋದು ಮಿಷನ್ ಅಲ್ಲ, ಕಾಗದ.

7 ಗಂಟೆಗೆ ಮತದಾನ ಅಂದರೆ 5.30ಕ್ಕೇ ಅಣಕು ಮತದಾನ. ಪಕ್ಷಗಳ ಏಜೆಂಟರು ಬರದಿದ್ದರೆ 15 ನಿಮಿಷ ಕಾಯಿರಿ. ನೋಟಾ ಸೇರಿಸಿ ಕನಿಷ್ಠ 50 ಮತ ಹಾಕಿಸಿ. ಆಮೇಲೆ ಕಂಟ್ರೋಲ್ ಯೂನಿಟ್‌ನಲ್ಲಿ (ಮತದ ಲೆಕ್ಕ ಇಡುವ ಪೆಟ್ಟಿಗೆ) ಕ್ಲೋಸ್, ರಿಸಲ್ಟ್, ಕ್ಲಿಯರ್ ಗುಂಡಿ ಒತ್ತಿ. ಗಡಿಬಿಡಿಯಲ್ಲಿ ಕ್ಲಿಯರ್ ಮರೆತರೆ ಆ 50 ಮತ ಒಳಗೇ ಉಳಿಯುತ್ತವೆ. ವಿವಿಪ್ಯಾಟ್ ಡಬ್ಬಿಯ ಚೀಟಿಗಳನ್ನೂ ತೆಗೆದು ಕಪ್ಪು ಲಕೋಟೆಗೆ ಹಾಕಿ ಸೀಲ್ ಮಾಡಿ. ಡಬ್ಬಿ ಖಾಲಿ ಅಂತ ಏಜೆಂಟರಿಗೆ ತೋರಿಸಿ. 2019ರಿಂದ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಚೀಟಿ ಎತ್ತಿ 5 ಬೂತ್‌ಗಳ ವಿವಿಪ್ಯಾಟ್ ಎಣಿಸುತ್ತಾರೆ. ನಿಮ್ಮ ಬೂತೇ ಬಂದರೆ ಒಂದು ಚೀಟಿ ಜಾಸ್ತಿ ಇದ್ದರೂ ಕಷ್ಟ.

ಇನ್ನು 17ಎ, ಅಂದರೆ ಮತ ಹಾಕಲು ಬಂದವರ ಸಹಿ ತಗೊಳ್ಳುವ ರಿಜಿಸ್ಟರ್. ಆಗಾಗ ಕಂಟ್ರೋಲ್ ಯೂನಿಟ್‌ನ ಟೋಟಲ್ ಒತ್ತಿ ರಿಜಿಸ್ಟರ್ ಜೊತೆ ಹೋಲಿಸಿ. ವ್ಯತ್ಯಾಸ ಬೆಳಿಗ್ಗೆ ಸಿಕ್ಕರೆ ಕಾರಣವೂ ನೆನಪಿರುತ್ತದೆ. ಸಹಿ ಹಾಕಿ, ಆಮೇಲೆ ‘ನಾ ಮತ ಹಾಕೋದಿಲ್ಲ’ ಅಂತ ಹೊರಡೋರು ಇರ್ತಾರೆ. ಅದಕ್ಕೆ 49-ಒ ನಿಯಮ ಇದೆ. ಷರಾ ಬರೆದು ಸಹಿ ತಗೊಳ್ಳಿ. ಸಾಲಿನ ಕೊನೆಯವರೇ ಹೀಗೆ ಮಾಡಿದರೆ ಬ್ಯುಸಿ ದೀಪ ಉರಿಯುತ್ತಲೇ ಇರುತ್ತದೆ, ಕ್ಲೋಸ್ ಒತ್ತಿದರೂ ಆಗೋದಿಲ್ಲ. ಆಗ ಕಂಟ್ರೋಲ್ ಯೂನಿಟ್ ಆಫ್ ಮಾಡಿ, ವಿವಿಪ್ಯಾಟ್ ಕೇಬಲ್ ಬಿಚ್ಚಿ, ಮತ್ತೆ ಆನ್ ಮಾಡಿ.

ಕಾರವಾರ, ಕಾಲೇಜು ಉಪನ್ಯಾಸಕಿ: ನಿಮ್ಮ ನಿಜವಾದ ಪ್ರಶ್ನೆಗೆ ಬರ್ತೇನೆ. ವಿವಿಪ್ಯಾಟ್ ಮಾತ್ರ ಕೆಟ್ಟರೆ ಅದೊಂದನ್ನೇ ಬದಲಿಸೋದು, ಅಣಕು ಮತದಾನ ಮತ್ತೆ ಬೇಡ. ಕಂಟ್ರೋಲ್ ಯೂನಿಟ್ ಅಥವಾ ಬ್ಯಾಲೆಟ್ ಯೂನಿಟ್ (ಮತದಾರರು ಗುಂಡಿ ಒತ್ತುವ ಪೆಟ್ಟಿಗೆ) ಕೆಟ್ಟರೆ ಇಡೀ ಸೆಟ್ ಬದಲು. ಆಗ ನೋಟಾ ಸೇರಿ ಎಲ್ಲ ಅಭ್ಯರ್ಥಿಗಳಿಗೂ ಒಂದೊಂದು ಅಣಕು ಮತ ಹಾಕಿಸಬೇಕು. ಕೇಬಲ್ ಮುಟ್ಟುವ ಮೊದಲು ಸ್ವಿಚ್ ಆಫ್. ಕಿಟಕಿಯ ಬಿಸಿಲು, ಬಲ್ಬಿನ ಬೆಳಕು ನೇರ ವಿವಿಪ್ಯಾಟ್ ಮೇಲೆ ಬೀಳದ ಹಾಗೆ ಮೇಜು ಹಾಕಿ. ಕರೆಂಟ್ ಹೋದರೆ ಗಾಬರಿ ಬೇಡ, ಇವೆಲ್ಲ ಬ್ಯಾಟರಿ ಮೇಲೆ ನಡೆಯೋದು. ನಮ್ಮ ಕರಾವಳಿಯ ಮೇ ಸೆಕೆಗೆ ಫ್ಯಾನ್ ನಿಂತರೆ ಮೊದಲು ಸುಸ್ತಾಗೋದು ನಾವೇ.

ಯಾರಾದರೂ ‘ನಾನು ಒತ್ತಿದ್ದು ಒಂದು, ಚೀಟಿ ಬಂದಿದ್ದು ಇನ್ನೊಂದು’ ಅಂದರೆ ವಾದಕ್ಕೆ ನಿಲ್ಲಬೇಡಿ. ಸುಳ್ಳಾದರೆ ಶಿಕ್ಷೆ ಇದೆ ಅಂತ ತಿಳಿಸಿ, ಘೋಷಣೆ ಬರೆಸಿಕೊಳ್ಳಿ. ಏಜೆಂಟರ ಎದುರಿಗೆ ಪರೀಕ್ಷಾ ಮತ ಹಾಕಿಸಿ. ಅದನ್ನು 17ಎ, 17ಸಿ (ಬೂತ್‌ನ ಒಟ್ಟು ಮತದ ಲೆಕ್ಕದ ಹಾಳೆ) ಎರಡರಲ್ಲೂ ತೋರಿಸಬೇಕು.

ಭಟ್ಕಳ, ಒಂದು ಪಕ್ಷದ ಬೂತ್ ಏಜೆಂಟ್: ನಮ್ಮ ಕಡೆಯಿಂದಲೂ ಒಂದು ಮಾತು. ಮಿಷನ್ ನಂಬರ್ ಬರೆದುಕೊಳ್ಳಲು, ಹಸಿರು ಪೇಪರ್ ಸೀಲ್ ಮೇಲೆ ಸಹಿ ಹಾಕಲು ನಮ್ಮನ್ನು ಕರೆಯಿರಿ. ಸಂಜೆ 17ಸಿ ಪ್ರತಿ ಕೊಟ್ಟೇ ಕಳಿಸಿ. 2024ರ ಏಪ್ರಿಲ್ 26ರಂದು ಸುಪ್ರೀಂ ಕೋರ್ಟ್ ಎಲ್ಲ ವಿವಿಪ್ಯಾಟ್ ಚೀಟಿ ಎಣಿಸಬೇಕು ಅನ್ನೋ ಬೇಡಿಕೆ ಒಪ್ಪಲಿಲ್ಲ. ಹಾಗಾಗಿ ಎಣಿಕೆ ದಿನ ಮಿಷನ್‌ನ ಒಟ್ಟು ಮತ ಹೋಲಿಸಿ ನೋಡಲು ನಮ್ಮ ಕೈಲಿರೋದು ಆ ಹಾಳೆ ಒಂದೇ. ಅದು ಸಿಕ್ಕರೆ ಅರ್ಧ ಜಗಳ ಹುಟ್ಟೋದೇ ಇಲ್ಲ.

ಯಲ್ಲಾಪುರ, ಪಂಚಾಯಿತಿ ನೌಕರ: ಜೋಯಿಡಾ ಅಂದರೆ ಎಷ್ಟೋ ಕಡೆ ನೆಟ್‌ವರ್ಕ್ ಇಲ್ಲ. ಮತದಾನದ ಶೇಕಡಾವಾರು ವರದಿ ಎಲ್ಲಿಂದ, ಯಾರ ಮೂಲಕ ಕಳಿಸೋದು ಅಂತ ಮಸ್ಟರಿಂಗ್ (ಸಾಮಗ್ರಿ ಪಡೆದು ಬೂತ್‌ಗೆ ಹೊರಡುವ) ದಿನವೇ ಕೇಳಿಕೊಳ್ಳಿ. ಟಾರ್ಚ್, ಸೊಳ್ಳೆ ಬತ್ತಿ ನೀವೇ ಒಯ್ಯಿರಿ.

ಶಿರಸಿ ಶಿಕ್ಷಕ, ಮತ್ತೆ: ಹೇಳೋದು ಬಿಟ್ಟುಹೋಯ್ತು. ಮಿಷನ್, ಕಾಗದ ವಾಪಸ್ ಒಪ್ಪಿಸುವ ಡಿಮಸ್ಟರಿಂಗ್ ಕೌಂಟರ್‌ನಲ್ಲಿ ಮೊದಲು ಕೇಳೋದು 17ಸಿ ಮತ್ತು ಪಿಆರ್‌ಒ ಡೈರಿ. ಅವೆರಡನ್ನು ಬೇರೆ ಲಕೋಟೆಗಳ ಜೊತೆ ಸೇರಿಸಿ ಅರಗು ಹಚ್ಚಿಬಿಡಬೇಡಿ. ಮಿಷನ್ ಒಪ್ಪಿಸಿದ ರಸೀದಿ ಕೈಗೆ ಬರುವವರೆಗೆ ಬಸ್ ಹತ್ತಬೇಡಿ.