ಹಿತ್ತಲಲ್ಲಿ ಒಂದೇ ಹಾಪ್ಸ್ ಬಳ್ಳಿಗೆ ಜಾಗ: ಯಾವ ತಳಿ ನೆಡಲಿ?

ಪ್ರಶ್ನೆ: ನಮಸ್ಕಾರ ಮೇಡಂ. ನಾವಿರುವುದು ಆರೆಗನ್‌ನ ಹಿಲ್ಸ್‌ಬರೋದಲ್ಲಿ. ಮನೆಯಲ್ಲೇ ಬಿಯರ್ ಮಾಡುವ ಹುಚ್ಚು ಹತ್ತಿದೆ. ಒಂದು ಸಲಕ್ಕೆ 5 ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಮಾಡುತ್ತೇನೆ. ಹೆಚ್ಚಾಗಿ ಪೇಲ್ ಏಲ್, ಚಳಿಗಾಲಕ್ಕೆ ಸ್ಟೌಟ್, ಬೇಸಿಗೆಗೆ ಗೋಧಿ ಬಿಯರ್. ಬಿಸಿಲು ಚೆನ್ನಾಗಿ ಬೀಳುವ ಬೇಲಿ ಪಕ್ಕದಲ್ಲಿ ಒಂದೇ ಒಂದು ಹಾಪ್ಸ್ ಬಳ್ಳಿಗೆ, ಅಂದರೆ ಬಿಯರ್‌ಗೆ ಕಹಿ ಮತ್ತು ಪರಿಮಳ ಕೊಡುವ ಹೂವಿನ ಬಳ್ಳಿಗೆ, ಜಾಗ ಇದೆ. ಎಲ್ಲಕ್ಕೂ ಒದಗುವ ತಳಿ ಯಾವುದು? ನನಗೆ ಸಿಟ್ರಾ ತಳಿ ಇಷ್ಟ, ಆದರೆ ಯಾವ ನರ್ಸರಿಯಲ್ಲೂ ಸಿಗುತ್ತಿಲ್ಲ. ಗೆಳೆಯರೊಬ್ಬರು ಶಿನೂಕ್ ಹಾಕು, ಕಹಿ ಜಾಸ್ತಿ, ಸ್ವಲ್ಪದರಲ್ಲೇ ಕೆಲಸ ಮುಗಿಯುತ್ತದೆ ಅಂತಾರೆ.

ಉತ್ತರ: ಸಿಟ್ರಾ ಹುಡುಕುವುದನ್ನು ಬಿಡಿ. ಅದು ಖಾಸಗಿ ತಳಿ, ಒಪ್ಪಂದ ಮಾಡಿಕೊಂಡ ರೈತರು ಮಾತ್ರ ಬೆಳೆಯಬಹುದು. ಮೊಸಾಯಿಕ್ ಕೂಡ ಹಾಗೇ. ಎರಡನ್ನೂ ಪ್ಯಾಕೆಟ್‌ನಲ್ಲಿ ಕೊಳ್ಳಿ.

ನೆಡುವುದು ಒಂದೇ ಆದರೆ ಕ್ಯಾಸ್ಕೇಡ್ ನೆಡಿ. ಎಲ್ಲರೂ ಹೇಳುವ ಹೆಸರೇ ಅಲ್ವಾ ಅನ್ನಿಸಬಹುದು. ಇರಲಿ, ಕಾರಣ ಕೇಳಿ. ನಾನು ರುಚಿಗಿಂತ ಮೊದಲು ಊರಿನ ಹವೆ ನೋಡುತ್ತೇನೆ. ನಿಮ್ಮ ವಿಲಾಮೆಟ್ ಕಣಿವೆಯಲ್ಲಿ ವಸಂತ ಅಂದರೆ ಚಳಿ ಮತ್ತು ಜಿಟಿಜಿಟಿ ಮಳೆ. ಡೌನಿ ಮಿಲ್ಡ್ಯೂ, ಅಂದರೆ ನಮ್ಮ ದ್ರಾಕ್ಷಿ ಬೆಳೆಗಾರರು ಹೇಳುವ ಬೂಜು ತುಪ್ಪಟ ರೋಗಕ್ಕೆ ಹೇಳಿ ಮಾಡಿಸಿದ ಹವೆ. ಕ್ಯಾಸ್ಕೇಡ್ ಹುಟ್ಟಿದ್ದೇ ಇದೇ ಕಣಿವೆಯ ಕೊರ್ವಾಲಿಸ್‌ನಲ್ಲಿ, ಅಮೆರಿಕದ ಕೃಷಿ ಇಲಾಖೆಯ ತಳಿ ಅಭಿವೃದ್ಧಿ ಕೆಲಸದಿಂದ. 1956ರ ಬೀಜ, ರೈತರ ಕೈಗೆ ಬಂದದ್ದು 1972ರಲ್ಲಿ. ಈ ರೋಗವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ, ಹೂವೂ ಧಾರಾಳ. ಸರ್ಕಾರಿ ತಳಿ ಆದ್ದರಿಂದ ಬೇರಿನ ತುಂಡು ಎಲ್ಲ ಕಡೆ ಸಿಗುತ್ತದೆ.

ಇನ್ನು ಶಿನೂಕ್. ಅದರ ಆಲ್ಫಾ ಆಸಿಡ್, ಅಂದರೆ ಕಹಿ ಕೊಡುವ ಅಂಶ, 12ರಿಂದ 14 ಪರ್ಸೆಂಟ್, ಗೆಳೆಯರ ಲೆಕ್ಕ ತಪ್ಪಲ್ಲ. ಆದರೆ ಅದು ಅಂಗಡಿ ಪ್ಯಾಕೆಟ್‌ಗೆ ಸರಿಹೋಗುವ ಲೆಕ್ಕ. ಪ್ಯಾಕೆಟ್ ಮೇಲೆ ಆ ವರ್ಷದ ಆಲ್ಫಾ ಎಷ್ಟು ಅಂತ ಬರೆದಿರುತ್ತದೆ. ನಿಮ್ಮ ಬೇಲಿಯ ಹೂವಿಗೆ ಯಾರು ಬರೆದುಕೊಡುತ್ತಾರೆ? ಕ್ಯಾಸ್ಕೇಡ್‌ನಲ್ಲೇ 4.5ರಿಂದ 7ರವರೆಗೆ ಏರುಪೇರಾಗುತ್ತದೆ. ಅಳತೆ ಗೊತ್ತಿಲ್ಲದ ಹೂವನ್ನು ಕಹಿಗೆ ನಂಬಿದರೆ ಒಂದು ಬ್ಯಾಚ್ ಸಪ್ಪೆ, ಇನ್ನೊಂದು ಬೇವಿನ ಕಷಾಯ.

ಹಾಗಾಗಿ ಮನೆ ಹಾಪ್ಸನ್ನು ಪರಿಮಳಕ್ಕೆ ಇಟ್ಟುಕೊಳ್ಳಿ. ಮೊದಲ ಕುದಿಗೆ ಹಾಕಿ 60 ನಿಮಿಷ ಬೇಯಿಸುವ ಕಹಿ ಹಾಪ್ಸನ್ನು ಪ್ಯಾಕೆಟ್‌ನಿಂದ ತೆಗೆದುಕೊಳ್ಳಿ. ನಿಮ್ಮ ಹೂವು ಕೊನೆಯ 10 ನಿಮಿಷಕ್ಕೆ, ಉರಿ ಆರಿಸಿದ ಮೇಲೆ, ಇಲ್ಲವೇ ಹುದುಗು ಇಳಿದ ಮೇಲೆ ಬೀಳಲಿ. ಆಗ ಆಲ್ಫಾ ಎಷ್ಟಿದ್ದರೂ ಕೆಡುವುದು ಕಡಿಮೆ. ಹೀಗೆ ನೋಡಿದರೆ ಕ್ಯಾಸ್ಕೇಡ್‌ನ ಚಕ್ಕೋತ, ಹೂವಿನ ಘಮ ಪೇಲ್ ಏಲ್‌ಗೆ ಸರಿ. ಸಿಯೆರಾ ನೆವಾಡಾ ಬಿಯರ್ ಕಂಪನಿಯವರ 1980ರ ಪೇಲ್ ಏಲ್‌ಗೆ ಹೆಸರು ಬಂದದ್ದೇ ಈ ಘಮದಿಂದ. ಅಮೆರಿಕನ್ ಗೋಧಿ ಬಿಯರ್‌ಗೂ ಸರಿ, ಸ್ಟೌಟ್‌ಗೆ ಕೊನೆಯಲ್ಲಿ ಒಂದು ಹಿಡಿ ಹಾಕಬಹುದು. ಜರ್ಮನ್ ಪಿಲ್ಸ್‌ನರ್‌ಗೆ ಮಾತ್ರ ಬೇಡ, ಅಲ್ಲಿ ಈ ಚಕ್ಕೋತ ಎದ್ದು ಹೊಡೆಯುತ್ತದೆ.

ಪ್ರಶ್ನೆ: ಸೆಂಟೆನಿಯಲ್ ಬಗ್ಗೆ ಏನು ಹೇಳುತ್ತೀರಿ? ಅದನ್ನು ಸೂಪರ್ ಕ್ಯಾಸ್ಕೇಡ್ ಅಂತಾರಲ್ಲ? ನೆಡುವ ಕ್ರಮವನ್ನೂ ಸ್ವಲ್ಪ ಹೇಳಿ.

ಉತ್ತರ: ಒಳ್ಳೆ ಹಾಪ್ಸೇ. ಆಲ್ಫಾ 10ರ ಆಸುಪಾಸು. ಆದರೆ ಕ್ಯಾಸ್ಕೇಡ್‌ನಷ್ಟು ಹೂ ಬಿಡುವುದಿಲ್ಲ. ಎರಡನೇ ಜಾಗ ಸಿಕ್ಕರೆ ಆಗ ನೆಡಿ.

ಬೇರಿನ ತುಂಡನ್ನು ಮಾರ್ಚ್, ಏಪ್ರಿಲ್‌ನಲ್ಲಿ ಎರಡು ಇಂಚು ಆಳಕ್ಕೆ ಹೂಳಿ. ನೀರು ನಿಲ್ಲಬಾರದು. ಬಳ್ಳಿ 15–20 ಅಡಿ ಏರುತ್ತದೆ, ಆದ್ದರಿಂದ ಎತ್ತರದಿಂದ ಹಗ್ಗ ಇಳಿಬಿಡಿ. ತೆಂಗಿನ ನಾರಿನ ಹುರಿಯೇ ಒಳ್ಳೆಯದು, ಬಳ್ಳಿಗೆ ಹಿಡಿತ ಸಿಗುತ್ತದೆ. ವಾಷಿಂಗ್ಟನ್ ರಾಜ್ಯದ ಯಾಕಿಮಾ ಕಣಿವೆಯ ದೊಡ್ಡ ಹಾಪ್ಸ್ ತೋಟಗಳಲ್ಲೂ ಶ್ರೀಲಂಕಾ, ಭಾರತದ ಕಡೆಯಿಂದ ಬಂದ ನಾರಿನ ಹುರಿಯನ್ನೇ ಕಟ್ಟುತ್ತಾರೆ! ಕುಡಿಯನ್ನು ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೇ ಸುತ್ತಿಸಿ. ಎದುರು ದಿಕ್ಕಿಗೆ ಸುತ್ತಿದರೆ ಬಿಚ್ಚಿಕೊಳ್ಳುತ್ತದೆ. ಎರಡನೇ ವರ್ಷದಿಂದ ವಸಂತದ ಮೊದಲ ಚಿಗುರುಗಳನ್ನು ಕತ್ತರಿಸಿಬಿಡಿ, ರೋಗ ಬರುವುದೇ ಅಲ್ಲಿಂದ. ಬಳ್ಳಿ ಮೇಲೇರಿದ ಮೇಲೆ ಬುಡದ ಎರಡು ಮೂರು ಅಡಿ ಎಲೆ ತೆಗೆದು ಗಾಳಿ ಆಡಲು ಬಿಡಿ.

ಮೊದಲ ವರ್ಷ ಹೂವಿನ ಆಸೆ ಇಟ್ಟುಕೊಳ್ಳಬೇಡಿ. ಮೂರನೇ ವರ್ಷಕ್ಕೆ ಒಂದು ಬಳ್ಳಿಯಿಂದ ಅರ್ಧ ಕಿಲೋ ಒಣ ಹಾಪ್ಸ್ ಬಂದರೂ ನಿಮಗೆ ಐದಾರು ಬ್ಯಾಚ್‌ಗೆ ಸಾಕು. ಆಗಸ್ಟ್ ಕೊನೆಯಲ್ಲಿ ಹೂ ಹಿಸುಕಿ ನೋಡಿ. ಕಾಗದದ ಹಾಗೆ ಸರಸರ ಅಂದು, ಕೈಗೆ ಹಳದಿ ಪುಡಿ ಮೆತ್ತಿ, ಘಾಟು ಬಂದರೆ ಕಿತ್ತುಕೊಳ್ಳಿ. ಹಸಿ ಹೂವಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ. ಜರಡಿ ಮೇಲೆ ಹರಡಿ, ಫ್ಯಾನ್ ಹಾಕಿ, ನೆರಳಲ್ಲಿ ಒಣಗಿಸಿ. ನಡುವಿನ ದಂಟು ಬಾಗದೆ ಪಟ್ಟನೆ ಮುರಿದರೆ ಒಣಗಿದೆ ಅಂತ. ಗಾಳಿ ತೆಗೆದ ಚೀಲದಲ್ಲಿ ಕಟ್ಟಿ ಫ್ರೀಜರ್‌ಗೆ ಹಾಕಿ. ಕ್ಯಾಸ್ಕೇಡ್ ಹೊರಗಿಟ್ಟರೆ ಬೇಗ ಹಳಸುತ್ತದೆ, ಅದರ ದೊಡ್ಡ ಕೊರತೆ ಇದೇ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಮೇಡಂ, ಸಕಲೇಶಪುರದಲ್ಲಿ ನಮ್ಮ ಕಾಫಿ ತೋಟ ಇದೆ. ಅಲ್ಲೂ ತಂಪು, ಅಲ್ಲೂ ಮಳೆ. ಮೆಣಸಿನ ಬಳ್ಳಿ ಹಬ್ಬಿಸಿದ ಹಾಗೆ ಇದನ್ನೂ ಹಬ್ಬಿಸಬಹುದಾ?

ಉತ್ತರ: ತಂಪು ಒಂದೇ ಸಾಲದು, ಹಗಲು ಉದ್ದ ಇರಬೇಕು. ಹಿಲ್ಸ್‌ಬರೋದಲ್ಲಿ ಜೂನ್‌ನ ಹಗಲು ಹದಿನೈದೂವರೆ ಗಂಟೆಗಿಂತ ಜಾಸ್ತಿ. ಸಕಲೇಶಪುರದಲ್ಲಿ 13 ಗಂಟೆ ಆಗುವುದೂ ಕಷ್ಟ. ಹಗಲು ಉದ್ದ ಇರುವಾಗ ಹಾಪ್ಸ್ ಮೈ ತುಂಬಿಕೊಳ್ಳುತ್ತದೆ, ಹಗಲು ಕುಗ್ಗತೊಡಗಿದಾಗ ಹೂ ಬಿಡುತ್ತದೆ. ನಮ್ಮಲ್ಲಿ ಹಗಲು ಯಾವಾಗಲೂ ಗಿಡ್ಡ. ಬಳ್ಳಿ ಬೆಳೆಯುವ ಮೊದಲೇ ನಾಲ್ಕು ಹೂ ಬಿಟ್ಟು ಸುಮ್ನಾಗುತ್ತದೆ. ಭಾರತದಲ್ಲಿ ಹಾಪ್ಸ್ ಬೆಳೆದಿರುವುದು ಹಿಮಾಚಲದ ಲಾಹೌಲ್ ಕಣಿವೆಯಲ್ಲಿ. ಇನ್ನೊಂದು ಮಾತು: ಅಮೆರಿಕದಲ್ಲಿ ಇಬ್ಬರು ವಯಸ್ಕರಿರುವ ಮನೆಯವರು ಮಾರದೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ಬಿಯರ್ ಮಾಡಿಕೊಳ್ಳಬಹುದು. ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮಾಡಿದರೆ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ.

ಮೊದಲ ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಮೇಡಂ, ಕ್ಯಾಸ್ಕೇಡ್ ಫಿಕ್ಸ್. ಮನೆಯಲ್ಲಿ ನಾಯಿ ಇದೆ, ಬೇಲಿ ಹತ್ತಿರವೇ ಓಡಾಡುತ್ತದೆ. ತೊಂದರೆ ಇಲ್ಲ ತಾನೇ?

ಉತ್ತರ: ಇದೆ, ಕೇಳಿದ್ದು ಒಳ್ಳೆಯದಾಯಿತು. ಹಾಪ್ಸ್ ನಾಯಿಗೆ ವಿಷ. ಮೈ ಸುಡುವಷ್ಟು ಜ್ವರ ಏರುತ್ತದೆ, ಏದುಸಿರು ಬರುತ್ತದೆ, ಜೀವಕ್ಕೇ ಅಪಾಯ. ಬುಡಕ್ಕೆ ತಂತಿ ಬಲೆ ಹಾಕಿ, ಉದುರಿದ ಹೂ ಗುಡಿಸಿ. ಬಿಯರ್ ಮಾಡಿ ಉಳಿದ ಚರಟವನ್ನು ಕಾಂಪೋಸ್ಟ್ ಗುಂಡಿಗೆ ಹಾಕಬೇಡಿ, ಮುಚ್ಚಳ ಇರುವ ಡಬ್ಬಕ್ಕೆ ಹಾಕಿ. ಬೆಂದ ಹಾಪ್ಸ್ ತಿಂದರೂ ಅಪಾಯವೇ. ತಿಂದಿದೆ ಅಂತ ಅನುಮಾನ ಬಂದರೆ ಲಕ್ಷಣ ಕಾಣಲಿ ಅಂತ ಕಾಯದೆ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ.