ಬ್ಲೇಡೋ, ಕಾಟರಿಯೋ? ಕಲೆ ಯಾವುದರಲ್ಲಿ ಕಮ್ಮಿ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನನ್ನ ತಂಗಿಗೆ 26 ವರ್ಷ. ಥೈರಾಯ್ಡ್ ಗಂಟಿನ ಆಪರೇಷನ್ ಇದೆ. ಕರೆಂಟಿನಲ್ಲಿ ಕೊಯ್ದರೆ ಚರ್ಮ ಸುಟ್ಟು ಕತ್ತಿನ ಮೇಲೆ ದೊಡ್ಡ ಕಲೆ ಉಳಿಯುತ್ತೆ, ಬ್ಲೇಡೇ ಬಳಸೋಕೆ ಹೇಳಿ ಅಂತ ನೆಂಟರೊಬ್ಬರು ಅಂದರು. ನಿಜಾನಾ? ಅವಳು ರಾತ್ರಿಯೆಲ್ಲ ಅದೇ ಯೋಚನೆಯಲ್ಲಿದ್ದಾಳೆ.

ಉತ್ತರ: ನಮಸ್ಕಾರ ಮೇಡಂ. ನೀವು ಹೇಳಿದ ಕರೆಂಟಿನಲ್ಲಿ ಕೊಯ್ಯುವ ಸಾಧನಕ್ಕೆ ಕಾಟರಿ ಅನ್ನುತ್ತೇವೆ. ಚರ್ಮಕ್ಕೆ ಬ್ಲೇಡ್, ಒಳಗೆ ಕಾಟರಿ ಅಂತಲೇ ನಮಗೂ ಕಲಿಸಿದ್ದರು. ನಾನು ಈಗಲೂ ಕತ್ತಿಗೆ 15ನೇ ನಂಬರಿನ ಬ್ಲೇಡನ್ನೇ ಹಿಡಿಯುತ್ತೇನೆ. ಆದರೆ ಅದು ನನ್ನ ಕೈಯ ರೂಢಿ ಅಷ್ಟೆ.

ಕಾಟರಿಯಲ್ಲಿ ಎರಡು ಬಗೆ ಇದೆ. 'ಕಟ್' ಒತ್ತಿದರೆ ಕರೆಂಟು ಬಿಡದೆ ಹರಿಯುತ್ತದೆ, ವೋಲ್ಟೇಜು ಕಮ್ಮಿ. ಜೀವಕೋಶದೊಳಗಿನ ನೀರು ಆವಿಯಾಗಿ ಚರ್ಮ ಬಿಡಿಸಿಕೊಳ್ಳುತ್ತದೆ, ಅಕ್ಕಪಕ್ಕಕ್ಕೆ ಬಿಸಿ ಜಾಸ್ತಿ ಹರಡುವುದಿಲ್ಲ. 'ಕೋಯಾಗ್' ಇರುವುದು ರಕ್ತ ನಿಲ್ಲಿಸುವುದಕ್ಕೆ. ಅದರಲ್ಲಿ ಚರ್ಮ ಕೊಯ್ದರೆ ಅಂಚು ಕರಕಲಾಗುತ್ತದೆ. ಬ್ಲೇಡನ್ನೂ 'ಕಟ್' ಬಗೆಯನ್ನೂ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಸೋಂಕಿನಲ್ಲಾಗಲಿ, ಕೆಲವು ತಿಂಗಳ ನಂತರದ ಕಲೆಯಲ್ಲಾಗಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಂಡಿಲ್ಲ.

ಕಲೆಯನ್ನು ಹೆಚ್ಚು ಕಮ್ಮಿ ಮಾಡುವುದು ಬೇರೆ ಸಂಗತಿಗಳು. ಕೊಯ್ತ ಕತ್ತಿನ ಸಹಜ ಗೆರೆಯಲ್ಲೇ ಕೂರಬೇಕು. ಅದಕ್ಕೇ ಆಪರೇಷನ್‌ಗೆ ಮೊದಲು, ಕೂರಿಸಿಕೊಂಡು, ಪೆನ್ನಿನಿಂದ ಗುರುತು ಹಾಕುತ್ತೇವೆ. ಮಲಗಿಸಿ ಕತ್ತು ಹಿಂದಕ್ಕೆ ಬಾಗಿಸಿದ ಮೇಲೆ ಆ ಗೆರೆ ಸರಿಯಾಗಿ ಕಾಣುವುದೇ ಇಲ್ಲ. ಕೊಯ್ತ ತೀರಾ ಚಿಕ್ಕದಿರಲಿ ಅಂತಲೂ ಹಟ ಮಾಡಬೇಡಿ. ಚಿಕ್ಕ ಬಾಯಿಂದ ದೊಡ್ಡ ಗಂಟು ತೆಗೆಯುವಾಗ ಅಂಚು ಎಳೆದು ಜಜ್ಜಿಹೋಗುತ್ತದೆ.

ಪ್ರಶ್ನೆ: ಹಾಗಾದ್ರೆ ಲೇಸರ್?

ಉತ್ತರ: ಅದೂ ಬಿಸಿಯಿಂದಲೇ ಕೊಯ್ಯುವುದು. ಇಲ್ಲಿ ಅದರಿಂದ ಲಾಭವಿಲ್ಲ.

ಪ್ರಶ್ನೆ: ಇನ್ನೊಂದು ಮಾತು ಡಾಕ್ಟ್ರೇ. ಅವಳಿಗೆ ಕಿವಿ ಚುಚ್ಚಿದ ಜಾಗ ಉಬ್ಬಿ ಗಂಟಾಗಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಇದೆ, ಇದನ್ನೇ ಮೊದಲು ಹೇಳಬೇಕಿತ್ತಮ್ಮ! ಅದು ಕೀಲಾಯ್ಡ್ ಇರಬಹುದು, ಅಂದರೆ ಗಾಯದ ಕಲೆ ಮಿತಿಮೀರಿ ಬೆಳೆದು ಉಬ್ಬುವುದು. ಹಾಗಿದ್ದರೆ ಯಾವುದರಲ್ಲಿ ಕೊಯ್ದರೂ ಕಲೆ ಉಬ್ಬುವ ಸಾಧ್ಯತೆ ಇರುತ್ತದೆ. ನಾಳೆಯೇ ಸರ್ಜನ್‌ಗೆ ತಿಳಿಸಿ, ಕಿವಿಯನ್ನೂ ತೋರಿಸಿ. ಗಾಯ ಪೂರ್ತಿ ಮಾಗಿದ ಮೇಲೆ ಸಿಲಿಕೋನ್ ಶೀಟ್ (ಕಲೆಯ ಮೇಲೆ ಅಂಟಿಸುವ ಮೆತ್ತನೆಯ ಹಾಳೆ) ದಿನಕ್ಕೆ 12 ಗಂಟೆಗೂ ಹೆಚ್ಚು ಹೊತ್ತು, ಎರಡು ಮೂರು ತಿಂಗಳು ಹಾಕಬೇಕಾಗುತ್ತದೆ. ಬಿಸಿಲಿಗೆ ದುಪಟ್ಟಾ ಮುಚ್ಚಿಕೊಳ್ಳಲಿ. ಕಲೆ ಗಟ್ಟಿಯಾಗಿ ಏಳಲು ಶುರುವಾದರೆ ಕಾಯಬೇಡಿ, ಆಗಲೇ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರೆ ತಗ್ಗಿಸುವುದು ಸುಲಭ. ಮೊದಲ ಮೂರು ತಿಂಗಳು ಕೆಂಪಗೆ ಕಂಡರೆ ಹೆದರಬೇಡಿ ಅಂತ ತಂಗಿಗೆ ಹೇಳಿ. ಕಲೆ ಪೂರ್ತಿ ಮಾಗಲು ಒಂದು ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ.